ಸದ್ದಿಲ್ಲದ ಗ್ಯಾರೇಜ್ ಬಾಗಿಲು

“ಏನಮ್ಮಾ, ನೆನ್ನೆ ನೀನು ಮನೆಗೇ ಬರ್ಲಿಲ್ವಾ?”

ಬೆಳಿಗ್ಗೆ ಬಾಗಿಲು ತೆರೆದರೆ, ನಮ್ಮ ಮೇಲ್ಮಹಡಿಯಲ್ಲಿ ಬಾಡಿಗೆಗಿರುವ ಸೆಲ್ವಿ ಆಂಟಿ ನಿಂತಿದ್ದರು. ರಾತ್ರಿಯಿಡೀ ನಿದ್ದೆ ಮಾಡದವರಂತೆ ಮುಖ ಬಾಡಿತ್ತು.

ಇಂದಿರಾನಗರದ ನಮ್ಮ ಮನೆಯ ಗ್ಯಾರೇಜಿನ ಮೇಲೇ ಅವರ ಮಲಗುವ ಕೋಣೆ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ ಜಾಮ್ ದಾಟಿ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವರು ಮಲಗಿರುತ್ತಾರೆ ಎಂದುಕೊಂಡಿದ್ದೆ. ರಿಮೋಟ್ ಒತ್ತಿದರೆ ಗ್ಯಾರೇಜ್ ಬಾಗಿಲೆತ್ತುವ ಮೋಟಾರಿನ ಚೈನು ಗಡಗಡ ಎನ್ನುತ್ತಿತ್ತು. ಚೈನೇ ಹೆಚ್ಚು ಬಾಳಿಕೆ ಬರುತ್ತದೆ ಎಂದು ಮೆಕ್ಯಾನಿಕ್ ಹೇಳಿದರೂ ಕೇಳದೆ, ಆಂಟಿಯ ನಿದ್ದೆ ಕೆಡಬಾರದೆಂದು ಹಿಂದಿನ ದಿನವಷ್ಟೇ ಸದ್ದು ಮಾಡದ ಬೆಲ್ಟಿನ ಮೋಟಾರು ಹಾಕಿಸಿದ್ದೆ. ತಾವಾಗಿಯೇ ಗಮನಿಸಿ ಖುಷಿಪಡಲಿ ಎಂದು ಅವರಿಗೆ ಹೇಳಿರಲಿಲ್ಲ.

ಈಗ ಹೇಳಿದೆ. ಆಂಟಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಆ ಚೈನ್ ಸೌಂಡ್ ಕೇಳಿದ್ಮೇಲೇ ನಾನು ಚಿಲಕ ಹಾಕಿ ಮಲ್ಗೋದು. ಕೆಳಗೆ ಒಬ್ಳೇ ಇರೋ ಹುಡುಗಿ, ಬಂದ್ಳೋ ಇಲ್ವೋ ಅಂತ ಗೊತ್ತಾಗ್ಬೇಡ್ವಾ?”

ಬೆಲ್ಟನ್ನು ತೆಗೆಸಲಿಲ್ಲ. ಆದರೆ ಅಂದಿನಿಂದ ಕಾರು ಒಳಗಿಟ್ಟ ಮೇಲೆ ಮೆಟ್ಟಿಲ ಬಳಿ ನಿಂತು “ಬಂದೆ ಆಂಟಿ” ಎನ್ನುತ್ತೇನೆ. ಮೇಲೆ ಚಿಲಕ ಬೀಳುವ ಸದ್ದು ಕೇಳಿದ ಮೇಲೆ ನಾನು ಒಳಗೆ ಹೋಗುತ್ತೇನೆ.