ಸಂಗಮೇಶ ವಿಯೆನ್ನಾಕ್ಕೆ ಹೋದ, ನಾನು ಹೋಗಲಿಲ್ಲ

ವಿಯೆನ್ನಾ ನೋಡಬೇಕೆಂದು ಮೂರು ವರ್ಷ ಓದಿಕೊಂಡವನು ನಾನು. ನೋಡಿ ಬಂದವನು ಸಂಗಮೇಶ.

ಡಾಲಸ್ ಪಕ್ಕದ ಕಾಪೆಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೂ ನಾಲ್ಕು ವರ್ಷದಿಂದ ರೂಮ್‌ಮೇಟುಗಳು. ನಾನು ಮೈಸೂರಿನವನು, ಅವನು ಗದಗದ ಹತ್ತಿರ ರೋಣದವನು. ಅವನು ವಿಮಾ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಖಡಕ್ ರೊಟ್ಟಿ ಮುರಿಯಬಾರದೆಂದು ಅದನ್ನು ದಿಂಬಿನ ಕವರಿನಲ್ಲಿ ಇಟ್ಟುಕೊಳ್ಳುತ್ತಾನೆ. ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರು ಯಾರೇ ಆಗಲಿ, ಬಿಲ್ ಆಗುವಷ್ಟರಲ್ಲಿ ಅವರಿಗೆಷ್ಟು ಮಕ್ಕಳು, ಯಾರಿಗೆ ಬಿಪಿ ಎಂಬುದು ಇವನಿಗೆ ಗೊತ್ತಾಗಿರುತ್ತದೆ. ತಿರುಗಾಟ ಎಂದರೆ ಇವನಿಗೆ ಒಂದು ಬೆಂಚು ಹುಡುಕಿ ಕೂರುವುದು. ಡಾಲಸ್‌ನ ಮ್ಯೂಸಿಯಮ್ಮಿಗೆ ಒಮ್ಮೆ ಕರೆದುಕೊಂಡು ಹೋಗಿದ್ದೆ. ಬಾಗಿಲ ಬಳಿಯ ಕಾವಲುಗಾರನ ಜೊತೆ ಮಾತಾಡುತ್ತ ಅಲ್ಲೇ ಉಳಿದ.

ಇಂಥವನನ್ನು ವಿಯೆನ್ನಾಕ್ಕೆ ಹೊರಡಿಸಿದವನೂ ನಾನೇ. ಒಬ್ಬನೇ ಹೋದರೆ ರೂಮಿನ ಬಾಡಿಗೆ ಹೆಚ್ಚು ಬೀಳುತ್ತದೆಂದು ಜೊತೆಗೆ ಎಳೆದುಕೊಂಡಿದ್ದೆ. ಹನ್ನೊಂದು ಹಾಳೆಯ ಎಕ್ಸೆಲ್ ಮಾಡಿದ್ದೆ. ಯಾವ ಟ್ರಾಮು, ಯಾವ ಅರಮನೆ, ಯಾವ ಕಾಫಿ ಅಂಗಡಿಯ ಯಾವ ಕಿಟಕಿ. ಟಿಕೆಟ್ ಆದ ಮೇಲೆ ಆಫೀಸಿನ ವಕೀಲರ ಮೇಲ್ ಬಂತು. ನನ್ನ ಪಾಸ್‌ಪೋರ್ಟಿನ ಅಮೆರಿಕಾ ವೀಸಾ ಮುಗಿದಿದೆ, ಕೆಲಸಕ್ಕೆ ತೊಂದರೆಯಿಲ್ಲ, ಆದರೆ ದೇಶ ಬಿಟ್ಟರೆ ಹೊಸ ಮುದ್ರೆ ಬೀಳುವವರೆಗೆ ವಾಪಸ್ ಬರುವಂತಿಲ್ಲ, ದಯವಿಟ್ಟು ಪ್ರಯಾಣ ಮಾಡಬೇಡಿ. ಸಂಗಮೇಶ ತಂಗಿಯ ಮದುವೆಗೆ ಊರಿಗೆ ಹೋದಾಗಲೇ ಮುದ್ರೆ ಹಾಕಿಸಿಕೊಂಡು ಬಂದಿದ್ದ.

"ಲೇ ಸುಹಾಸ, ನಾ ಒಬ್ಬಾವ ಹೋಗಿ ಬರ್ಲೇನು? ನೀ ಬ್ಯಾಡ ಅಂದ್ರ ಬಿಡ್ತೀನಿ" ಅಂದ.

"ಹೋಗ್ಬಾರೋ, ಅದಕ್ಕೇನಂತೆ" ಅಂದೆ. ಬೇಡ ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಮೈಸೂರಿನವರಿಗೆ ಅಲ್ಲಿಂದ ಮುಂದಕ್ಕೆ ಅದನ್ನು ತಳ್ಳಲು ಬರುವುದಿಲ್ಲ.

ಯೂರೋಪಿನ ವೀಸಾಕ್ಕೆ ಅವನು ಹ್ಯೂಸ್ಟನ್ನಿಗೆ ಹೋಗಬೇಕಿತ್ತು. ನಾಲ್ಕು ಗಂಟೆ ಕಾರು ಓಡಿಸಿದವನು ನಾನು, ನಿದ್ದೆ ಮಾಡಿದವನು ಅವನು. ಅಲ್ಲೇ ಪಕ್ಕದ ಮಿಸೌರಿ ಸಿಟಿಯಲ್ಲಿ ನಮ್ಮಮ್ಮನ ಗೆಳತಿ ಉಷಾರಾಣಿ ಆಂಟಿಯ ಮನೆಯಲ್ಲಿ ಊಟ. ಆಂಟಿ ಅವನ ತಟ್ಟೆಗೆ ಎರಡನೇ ಹೋಳಿಗೆ ಹಾಕುತ್ತ, "ಯೂರೋಪೆಲ್ಲ ನೋಡೋ ಹುಡುಗ, ತಿನ್ನಪ್ಪ" ಅಂದು ನನ್ನ ಕಡೆ ತಿರುಗಿದರು. "ನೀನ್ಯಾಕೋ ಹೋಗ್ತಿಲ್ಲ ಸುಹಾಸ್? ರಜ ಕೊಡ್ಲಿಲ್ವಾ?" ನನಗೆ ಎರಡನೇ ಹೋಳಿಗೆ ಬರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ.

ಹೊರಡುವ ದಿನ ಮಧ್ಯಾಹ್ನ ಅವನು ಸೂಟ್‌ಕೇಸು ತುಂಬುತ್ತಿದ್ದ. ರೊಟ್ಟಿ, ಶೇಂಗಾ ಚಟ್ನಿ, ಅಕ್ಕಿ, ಕೊನೆಗೆ ನಮ್ಮ ಪುಟ್ಟ ರೈಸ್ ಕುಕ್ಕರ್. ಅದರ ಮೇಲೆ ಊರಿಗೆ ಹೋಗುವಾಗ ಒಯ್ಯುವ ಪ್ಲಗ್ ಅಡಾಪ್ಟರ್.

"ಅಲ್ಲಿ ಪಿನ್ ಬ್ಯಾರೆ ಅಂತ. ಇದ ನಡೀತೈತಿ ಅಲ್ಲ? ಊರಾಗ ಲ್ಯಾಪ್‌ಟಾಪಿಗೆ ಇದ ಹಾಕಿದ್ದೆ."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಯಂತ್ರಗಳ ಫಲಕದ ಮೇಲಿನ ವೋಲ್ಟೇಜ್ ಓದಿ ಸಹಿ ಹಾಕುವುದಕ್ಕೇ ನನಗೆ ಸಂಬಳ. ಲ್ಯಾಪ್‌ಟಾಪಿನ ಚಾರ್ಜರು ಎಲ್ಲ ಕರೆಂಟನ್ನೂ ತಡೆದುಕೊಳ್ಳುತ್ತದೆ. ಟೆಕ್ಸಸ್‌ನಲ್ಲಿ ಕೊಂಡ ಕುಕ್ಕರ್ ನೂರಿಪ್ಪತ್ತು ವೋಲ್ಟಿನದು; ವಿಯೆನ್ನಾದ ಗೋಡೆಯಲ್ಲಿ ನಮ್ಮ ರೋಣ, ಮೈಸೂರಿನ ಹಾಗೆಯೇ ಇನ್ನೂರ ಮೂವತ್ತು. ಅಡಾಪ್ಟರು ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ಇದೆಲ್ಲ ನನಗೆ ಒಂದು ಕ್ಷಣದಲ್ಲಿ ಹೊಳೆಯಿತು. ಮರುಕ್ಷಣದಲ್ಲಿ, ನನ್ನ ಎಕ್ಸೆಲಿನ ಪ್ರಿಂಟನ್ನು ಅವನು ಚಟ್ನಿಪುಡಿಯ ಡಬ್ಬಿಯ ಸುತ್ತ ಸುತ್ತಿರುವುದು ಕಂಡಿತು.

"ನಡೆಯುತ್ತೆ" ಅಂದೆ.

ಸುಡಲಿ ಎಂದು ಅಂದುಕೊಳ್ಳಲಿಲ್ಲ. ಒಂದು ಸಂಜೆಯಾದರೂ ಅವನಿಗೆ ಬಿಸಿ ಅನ್ನ ಸಿಗದಿರಲಿ, ಅಷ್ಟೇ ಅಂದುಕೊಂಡೆ. ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಅಡಾಪ್ಟರೂ ಬೇಕಿಲ್ಲ.

ಮೊದಲ ದಿನದ ಫೋಟೋಗಳು ನನ್ನ ಆಫೀಸಿನ ಮೀಟಿಂಗಿನ ಹೊತ್ತಿಗೆ ಬಂದವು. ಅರಮನೆಯ ಹಳದಿ ಗೋಡೆ ಹಿಂದೆ, ಮುಂದೆ ಬೆಂಚಿನ ಮೇಲೆ ಇವನು, ತೊಡೆಯ ಮೇಲೆ ರೊಟ್ಟಿ. ನಾನು ಮೂರು ವರ್ಷ ಕನಸು ಕಂಡ ಕೆಂಪು ಟ್ರಾಮಿನಲ್ಲಿ ಕಿಟಕಿ ಪಕ್ಕದ ಸೀಟು. ಟ್ರಾಮಿನ ಹೆಸರೇನೆಂದು ಕೇಳಿದರೆ, "ಗೊತ್ತಿಲ್ಲಪಾ, ಬಂತು, ಹತ್ತಿದೆ" ಎಂದು ಬರೆದ. ಪ್ರತಿ ಫೋಟೋಗೂ ನಾನು ಹೆಬ್ಬೆಟ್ಟು ಒತ್ತಿದೆ. ಆಧಾರ್ ಕಾರ್ಡ್ ಮಾಡಿಸುವಾಗಲೂ ಅಷ್ಟು ಒತ್ತಿರಲಿಲ್ಲ.

ಎರಡನೇ ದಿನ, ಅಲ್ಲಿ ಸಂಜೆ, ನನಗೆ ಮಧ್ಯಾಹ್ನದ ಊಟದ ಹೊತ್ತು, ಕರೆ ಬಂತು.

"ದೋಸ್ತ, ಕುಕ್ಕರ್ ಹಚ್ಚಿದೆ, ಟಪ್ ಅಂತು, ಇಡೀ ಮನಿ ಕತ್ತಲಾತು. ಮನಿ ಮಾಲಕಿ ಅಜ್ಜಿ ಟಾರ್ಚ್ ಹಿಡಕೊಂಡು ಬಂದ್ಲು. ಬೈತಾಳೇನೋ ಅನ್ಕೊಂಡೆ, ನನ್ನ ಕೂಡ್ಸಿ ಬಟಾಟಿ ಸೂಪ್ ಕೊಟ್ಲು. ಏನಾಗಿರ್ಬೇಕು? ನೀ ಎಲೆಕ್ಟ್ರಿಕಲ್ ಅಲ್ಲ?"

"ಅಡಾಪ್ಟರ್ ಕೆಟ್ಟಿರ್ಬೇಕು" ಅಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು. ಆದರೆ ಆ ಹೊತ್ತು ನನ್ನನ್ನು ಕೊರೆದದ್ದು ಸುಳ್ಳಲ್ಲ, ಸೂಪು. ವಿಯೆನ್ನಾದ ಒಬ್ಬ ಅಜ್ಜಿಯ ಅಡುಗೆಮನೆ ನನ್ನ ಹನ್ನೊಂದು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಶನಿವಾರ ಸಹಿಸಲಾಗದೆ ಮೂರು ಗಂಟೆ ಕಾರು ಓಡಿಸಿ ಆಸ್ಟಿನ್ನಿಗೆ ಹೋದೆ. ಟೆಕ್ಸಸ್‌ಗೆ ಅದೂ ರಾಜಧಾನಿಯೇ, ಅಲ್ಲೂ ಗುಮ್ಮಟವಿದೆ, ನೋಡಲು ವೀಸಾ ಕೇಳುವುದಿಲ್ಲ. ನೂರ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಶಾಸನಸಭೆಯ ಮುಂದೆ ನಿಂತು ಸೆಲ್ಫಿ ತೆಗೆದು ಗೆಳೆಯರ ಗ್ರೂಪಿಗೆ ಹಾಕಿದೆ. ಗುಮ್ಮಟ ನನ್ನ ತಲೆಯ ಮೇಲೆ ಟೋಪಿಯ ಹಾಗೆ ಕೂತಿತ್ತು. ಮೂವರು ಮೆಚ್ಚಿದರು, ಅವರಲ್ಲೊಬ್ಬ ಸಂಗಮೇಶ. ಕೂಡಲೇ ಅವನ ವಿಡಿಯೋ ಕರೆ.

"ಭಾರಿ ಐತಲ್ಲೋ ಗುಮ್ಮಟ. ಇಲ್ನೋಡು, ಅಜ್ಜಿಗೆ ಅನ್ನ-ಸಾರು ಮಾಡಿ ಕೊಡ್ತೀನಂತ ಹೇಳೀನಿ. ಹೊಸ ಅಡಾಪ್ಟರ್ ತಂದೆ, ನೀ ಹೇಳಿದ್ಯಲ್ಲ." ಪರದೆಯಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬಳು ತಟ್ಟೆ ಮುಂದಿಟ್ಟುಕೊಂಡು ನನಗೆ ಕೈ ಬೀಸಿದಳು. ಕುಕ್ಕರಿಗೂ ಅವಳ ಮೊಣಕೈಗೂ ನಡುವೆ ಒಂದು ಗೇಣು.

"ಸಂಗಮೇಶ, ಹಾಕ್ಬೇಡ. ಪ್ಲಗ್ ಕೈಯಿಂದ ಕೆಳಗಿಡು."

"ಯಾಕಲೇ?"

"ಅಡಾಪ್ಟರ್ ಕೆಟ್ಟಿರಲಿಲ್ಲ. ಅಲ್ಲಿ ಕರೆಂಟು ಡಬಲ್. ಈ ಸಲ ಬೆಂಕಿನೇ ಬರಬಹುದು."

ಅವನು ಪ್ಲಗ್ ಕೆಳಗಿಟ್ಟ. "ಇದು ನಿನಗ ಯಾವಾಗ ಗೊತ್ತಾತು?"

ಈಗ ತಾನೇ ಎಂದಿದ್ದರೆ ನಂಬುತ್ತಿದ್ದ. ಅವನು ಅಂಥವನು, ಅದೇ ಕಷ್ಟ.

"ನೀನು ಪ್ಯಾಕ್ ಮಾಡೋವಾಗ್ಲೇ."

"ಹೊಟ್ಟಿಕಿಚ್ಚಿಗೆ?"

"ಹೂಂ."

ಅಜ್ಜಿ ಜರ್ಮನ್‌ನಲ್ಲಿ ಏನೋ ಕೇಳಿದಳು. ಸಂಗಮೇಶ ಅವಳಿಗೆ ಕನ್ನಡದಲ್ಲೇ, "ಏನಿಲ್ಲಬೇ, ಪಾತೇಲಿ ಒಂದು ಕೊಡು, ಗ್ಯಾಸ್ ಮ್ಯಾಲ ಮಾಡೂನು" ಅಂದು ಕರೆ ಕತ್ತರಿಸಿದ.

ಅಲ್ಲಿಂದ ಫೋಟೋಗಳು ನಿಂತವು. ಇವನ ಫೋಟೋ ಒಮ್ಮೆ ನಿಲ್ಲಲಿ ಎಂದು ನಾಲ್ಕು ದಿನ ಹಾರೈಸಿದ್ದವನು ನಾನೇ. ಈಗ ಐದು ನಿಮಿಷಕ್ಕೊಮ್ಮೆ ಫೋನು ನೋಡುತ್ತಿದ್ದೆ. ಅವನು ನದಿ ನೋಡಿದನೋ, ಜಾತ್ರೆಯ ತೊಟ್ಟಿಲಿನಂಥ ಅಲ್ಲಿನ ಆ ದೊಡ್ಡ ಚಕ್ರ ಹತ್ತಿದನೋ ತಿಳಿಯಲಿಲ್ಲ. ನೋಡದೆ ಹೊಟ್ಟೆಕಿಚ್ಚು ಪಡುವುದು ನೋಡಿ ಪಡುವುದಕ್ಕಿಂತ ದುಬಾರಿ. ಎಲ್ಲವನ್ನೂ ನಾವೇ ಕಲ್ಪಿಸಿಕೊಳ್ಳಬೇಕು.

ಬುಧವಾರ ಕರೆಯದಿದ್ದರೂ ಏರ್‌ಪೋರ್ಟಿಗೆ ಹೋದೆ. ಅವನು ಹೊರಬಂದ, ನನ್ನನ್ನು ನೋಡಿದ, ಸೂಟ್‌ಕೇಸನ್ನು ಡಿಕ್ಕಿಗೆ ಹಾಕಿದ. ಹಿಂದಿನ ಬಾಗಿಲ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತ. ಆಮೇಲೆ ಮುಂದೆ ಬಂದು ಕೂತ.

ಹೆದ್ದಾರಿಗೆ ಸೇರಿದ ಮೇಲೆ ಮೊದಲ ಮಾತು ಬಂತು. "ಇನ್ನೂ ಏನೇನು ಗೊತ್ತಿದ್ದೂ ಹೇಳದ ಇಟ್ಟೀಯಪಾ?"

"ನಿನ್ನ ಕಾರಿನ ಎಡಗಡೆ ಬ್ರೇಕ್ ಲೈಟ್ ಉರೀತಿಲ್ಲ. ಎರಡು ತಿಂಗಳಾಯ್ತು."

"ಹೂಂ. ಮುಂದ?"

"ನಿಮ್ಮ ಆಫೀಸಿನ ಶೀತಲ್ ನನ್ನ ಹತ್ರ ನಿನ್ನ ನಂಬರ್ ಕೇಳಿದ್ಲು. ಯುಗಾದಿ ಪಾಟ್‌ಲಕ್ ಊಟದಲ್ಲಿ."

ಅವನು ಪೂರ್ತಿ ನನ್ನ ಕಡೆ ತಿರುಗಿ ಕೂತ. ಕಾಪೆಲ್ ಹದಿನೈದು ನಿಮಿಷದ ದಾರಿ. ನಮ್ಮ ತಿರುವು ಬಂದಾಗ ಅವನು ಕೈ ಸನ್ನೆ ಮಾಡಿ, "ಸೀದಾ ಹೊಡಿ, ನಿಂದಿನ್ನೂ ಮುಗಿದಿಲ್ಲ" ಅಂದ.

ನಿಜ, ಮುಗಿದಿರಲಿಲ್ಲ.