ಅಪ್ಪ ಬೆರಳಿಟ್ಟ ಮೋಡ

ನನ್ನನ್ನು ನೋಡಲು ಬಂದ ಕಾಮಸಮುದ್ರದ ಗಂಡು ರಾಹುಕಾಲದಲ್ಲಿ ನಮ್ಮ ಹೊಸಿಲು ದಾಟಿದ. ಬೆಳಿಗ್ಗೆಯೇ ಬರಬೇಕಾದವನು! "ನಮ್ಮ ಕಡೆ ಜೋರು ಮಳೆ, ಬಸ್ಸು ನಿಂತ್ಬಿಡ್ತು" ಎಂದ. ಅಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಬಂಗಾರಪೇಟೆ ಪಕ್ಕದ ನಮ್ಮೂರಿನಲ್ಲಿ ಅವತ್ತು ಸುಡುಬಿಸಿಲು. ನಾನು ಹಟ ಹಿಡಿದು ಅವನನ್ನೇ ಮದುವೆಯಾದೆ. ಅಪ್ಪ ಧಾರೆಯೇನೋ ಎರೆದುಕೊಟ್ಟ. ಆದರೆ ವರ್ಷಗಳು ಕಳೆದರೂ ಅವನನ್ನು ಒಮ್ಮೆಯೂ ಬಾಯ್ತುಂಬ ಅಳಿಯ ಎಂದು ಕರೆಯಲಿಲ್ಲ.

ಹಬ್ಬಕ್ಕೆ ಹೋದಾಗಲೆಲ್ಲ ಅದೇ ರಾಗ. "ಏನಮ್ಮಾ, ನಿನ್ನ ಮಳೆರಾಯ ಬಂದವ್ನಾ? ಅವತ್ತು ಕಣದಲ್ಲಿ ಉರುಳಿಕಾಳು ಒಣಗಾಕಿದ್ದೆ ಕಣಮ್ಮಾ, ಮೋಡ ಇದ್ದಿದ್ರೆ ನಂಗೆ ಕಾಣ್ತಿರ್ಲಿಲ್ವಾ?" ಗಂಡ ತಲೆ ಬಗ್ಗಿಸಿ ಉಣ್ಣುತ್ತಿದ್ದ. ನಾನು ಅವನ ಎಲೆಗೆ ಇನ್ನೊಂದು ಚಮಚ ತುಪ್ಪ ಬಡಿಸುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಾನು ಬೆಳಗಿನ ರೈಲಿಗೆ ಬೆಂಗಳೂರಿನ ಕಚೇರಿಯೊಂದಕ್ಕೆ ಹೋಗಿಬರುತ್ತಿದ್ದೆ. ಉಪಗ್ರಹಗಳು ಹಿಂದೆ ಕಳಿಸಿದ ಮೋಡದ ಚಿತ್ರಗಳನ್ನು ಹಳೆಯ ಟೇಪುಗಳಿಂದ ಎತ್ತಿ, ಯಾವತ್ತು ಎಲ್ಲಿ ಮೋಡವಿತ್ತು, ಎಲ್ಲಿ ಬಿಸಿಲಿತ್ತು ಎಂದು ಕಳೆದುಹೋದ ಹವಾಮಾನವನ್ನು ಮತ್ತೆ ಕಟ್ಟುವ ಕೆಲಸ. ಆ ಚಿತ್ರಗಳಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿರುತ್ತಿದ್ದವು. ಅವು ಮೋಡವಲ್ಲ, ರೇಡಿಯೋದಲ್ಲಿ ಗೊರಗೊರ ಸೇರುವಂತೆ ಉಪಗ್ರಹದ ಸಂಕೇತದ ಜೊತೆ ಸೇರಿಕೊಂಡ ಕಸ. ಅದನ್ನು ಅಳಿಸುವುದು ನನ್ನ ಪಾಲಿಗೆ ಬಂದಿತ್ತು. ಬಾಯಿ ಸುಮ್ಮನಿರಬೇಕಲ್ಲ, ಅಪ್ಪನ ಮುಂದೆ ಜಂಬ ಕೊಚ್ಚಿದೆ: "ಯುಗಾದಿಗೆ ಅವತ್ತಿನ ಮೋಡಾನೇ ತಂದು ತೋರಿಸ್ತೀನಿ, ತಡಿ!"

ಆ ದಿನದ ಚಿತ್ರಗಳು ಸಿಕ್ಕವು. ಬೆಳಗಿನಿಂದ ಸಂಜೆಯವರೆಗೆ ಕಾಮಸಮುದ್ರದ ಮೇಲೆ ಚೂರೂ ಮೋಡವಿಲ್ಲ! ಒಂದರ ಪ್ರತಿ ತಂದು ಗಂಡನ ಮೂಗಿನ ಮುಂದೆ ಹಿಡಿದೆ.

"ದಾರೀಲಿ ಆಂಡರ್ಸನ್‌ಪೇಟೇಲಿ ಇಳಿದು ಮೀಸೆ ಟ್ರಿಮ್ ಮಾಡ್ಸಕ್ಕೆ ಕೂತೆ ಕಣೆ," ಎಂದ. "ಒಂದ್ಕಡೆ ಜಾಸ್ತಿ ಓಯ್ತು. ಸರಿ ಮಾಡ್ತಾ ಮಾಡ್ತಾ ಪೂರ್ತಿ ಓಯ್ತು. ಈ ಮುಖ ಇಟ್ಕೊಂಡು ಎಂಗಪ್ಪಾ ಓಗೋದು ಅಂತ ಟೀ ಅಂಗ್ಡೀಲಿ ಕೂತ್ಬಿಟ್ಟೆ."

ಕೋಪ ಬರಬೇಕಿತ್ತು. ಬಿದ್ದು ಬಿದ್ದು ನಕ್ಕೆ.

ಯುಗಾದಿಗೆ ಹೋದಾಗ ಚಿತ್ರ ಬ್ಯಾಗಿನಿಂದ ಹೊರಬರಲೇ ಇಲ್ಲ. ಅಪ್ಪ ಬಿಡಬೇಕಲ್ಲ! "ಎಲ್ಲಮ್ಮಾ ಮೋಡ? ತೆಗಿ" ಎಂದು ಕನ್ನಡಕ ಏರಿಸಿ ಕೂತೇಬಿಟ್ಟ. ವಿಧಿಯಿಲ್ಲದೆ ಚಿತ್ರ ಕೊಟ್ಟೆ. ಬೆಳ್ಳಗಿದ್ದರೆ ಮೋಡ, ಕಪ್ಪಗಿದ್ದರೆ ಬರೀ ಆಕಾಶ ಎಂದೆ. ಕಾಮಸಮುದ್ರ ಬರುವ ಜಾಗ ತೋರಿಸಿದೆ. ಅಲ್ಲಿ ಕಪ್ಪೋ ಕಪ್ಪು. ಅಪ್ಪ ಗೆದ್ದಿದ್ದ. ಅವನು ನನ್ನ ಮುಖ ನೋಡಿದ. ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದ ನನ್ನ ಗಂಡನನ್ನು ನೋಡಿದ. ಆಮೇಲೆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ನಾನಿನ್ನೂ ಅಳಿಸದಿದ್ದ ಒಂದು ಕಸದ ಚುಕ್ಕೆಯ ಮೇಲೆ ಬೆರಳಿಟ್ಟ.

"ಇಗೋ, ಇಲ್ಲೈತಲ್ಲ ಬೆಳ್ಳಗೆ! ಥೂ, ನಾನೇ ತಪ್ಪು ತಿಳ್ಕೊಂಡಿದ್ದೆ. ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ, ಓಳಿಗೆ ಆರೋಯ್ತದೆ."

ಆ ಚುಕ್ಕೆ ಮದ್ರಾಸು ದಾಟಿ ಬಂಗಾಳ ಕೊಲ್ಲಿಯಲ್ಲಿತ್ತು. ನಾನು ಚಿತ್ರವನ್ನು ಮಡಚಿ ಬ್ಯಾಗಿಗೆ ತುರುಕಿ, ಇಬ್ಬರಿಗೂ ಎಲೆ ಹಾಕಿದೆ.