ಆಯುಧಪೂಜೆಯ ದಿನ ಹೋದ ಸೆಟ್ಟು

ಕಳ್ಳರ ಮೇಲೆ ನನಗೆ ಸಿಟ್ಟಿಲ್ಲ, ಹೇಸಿಗೆಯಿದೆ. ಸಿಟ್ಟಾದರೆ ಯಾವತ್ತಾದರೂ ಇಳಿಯುತ್ತದೆ. ನಮ್ಮ ಕಾರಿನ ಹಾಡಿನ ಸೆಟ್ಟು ಕದ್ದವನನ್ನು ನೆನೆದರೆ ಈಗಲೂ ಬಾಯಲ್ಲಿ ಉಗುಳು ತುಂಬಿಕೊಳ್ಳುತ್ತದೆ.

ಅಪ್ಪನಿಗೆ ಕಿವಿ ಮಂದ. ಕಿವಿಗೆ ಹಾಕುವ ಮೆಷಿನ್ನು ಗುಯ್‌ಗುಟ್ಟುತ್ತದೆಂದು ಕಿತ್ತು ಬಿಸಾಡಿದ್ದರು. ಟೀವಿ ಎಷ್ಟು ಜೋರು ಮಾಡಿದರೂ ಅವರಿಗೆ ಬರೀ ಗದ್ದಲ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ, ತಲೆಯ ಪಕ್ಕಕ್ಕೇ ನಾನಿಡಿಸಿದ್ದ ಸ್ಪೀಕರಿಗೆ ಕಿವಿಗೊಟ್ಟು ಕೂತರೆ ಪೌರಾಣಿಕ ನಾಟಕದ ಪದ್ಯಗಳು ಹಾರ್ಮೋನಿಯಂ ಸಮೇತ ಕೇಳಿಸುತ್ತಿದ್ದವು. ಹರೆಯದಲ್ಲಿ ಊರೂರಲ್ಲಿ ಬಣ್ಣ ಹಚ್ಚಿದ ಮನುಷ್ಯ. ದಿನಾ ಸಂಜೆ, ನಿಂತ ಕಾರಿನಲ್ಲೇ ಕೂತು ತೊಡೆ ತಟ್ಟುತ್ತಿದ್ದರು. ಅವರ ಪಾಲಿಗೆ ಉಳಿದಿದ್ದ ಸಂಗೀತ ಅದೊಂದೇ.

ನಮ್ಮದು ನೆಲಮಂಗಲದ ಹೆದ್ದಾರಿಗೆ ಅಂಟಿದ ಊರು. ಗೋಡೌನುಗಳು ಬಂದ ಮೇಲೆ ನಿಂತ ಲಾರಿಯ ಬ್ಯಾಟರಿಯೇ ಮಾಯವಾಗುತ್ತಿತ್ತು. ಹಾಗಾಗಿ ಸೆಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಹಾಕಿಸಿ, ತನ್ನದೇ ಸ್ಪ್ಯಾನರು ಬಿಟ್ಟರೆ ಬೇರೆ ಯಾವುದಕ್ಕೂ ಜಗ್ಗದಂಥ ಬೋಲ್ಟು ಬಿಗಿಸಿದ್ದೆ. ಆ ಸ್ಪ್ಯಾನರು ಬೀರುವಿನಲ್ಲಿರುತ್ತಿತ್ತು.

ಆಯುಧಪೂಜೆಯ ದಿನ ಅದನ್ನು ಹೊರಗೆ ತಂದವರು ಅಪ್ಪನೇ. ಮನೆಯ ಕಬ್ಬಿಣವೆಲ್ಲ ಪೂಜೆಗೆ ಕೂರಬೇಕು. ಕುಡುಗೋಲು, ಈಳಿಗೆಮಣೆ, ಸ್ಪ್ಯಾನರು, ಕಾರಿನ ಕೀ, ಎಲ್ಲ ಕಾರಿನ ಮುಂದೆ ಒಂದು ಮಣೆಯ ಮೇಲೆ. ಕಾರಿನ ಬಾಗಿಲುಗಳನ್ನೆಲ್ಲ ತೆರೆದು ಸಾಂಬ್ರಾಣಿ ಹೊಗೆ ಹಿಡಿದೆವು. ಪೂಜೆಯಾದ ಮೇಲೆ ಮಾರನೆಯ ದಿನದವರೆಗೆ ಆಯುಧ ಮುಟ್ಟುವಂತಿಲ್ಲ ಎಂಬುದು ನಮ್ಮ ಮನೆಯ ಪದ್ಧತಿ. ಊಟಕ್ಕೆ ಹೋಗುವ ಮುಂಚೆ, ಕಾರಿಗೆ ಬೀಗ ಹಾಕೋಣವೆಂದು ಕೀಗೆ ಕೈಚಾಚಿದೆ.

“ಲೇ, ಮುಟ್ಬೇಡ ಕಣೋ! ಕುಂಕುಮ ಇಟ್ಟೈತೆ. ಹಬ್ಬದ ದಿನ ಯಾವನ್ಲಾ ಬತ್ತಾನೆ?” ಎಂದರು ಅಪ್ಪ.

ಬಂದ. ನಾವು ಒಳಗೆ ಒಬ್ಬಟ್ಟು ತಿನ್ನುವಷ್ಟರಲ್ಲಿ, ನಾವು ಪೂಜೆ ಮಾಡಿದ ಸ್ಪ್ಯಾನರಿನಿಂದಲೇ ಬೋಲ್ಟು ಬಿಚ್ಚಿ, ಸೆಟ್ಟು ಎತ್ತಿಕೊಂಡು, ಸ್ಪ್ಯಾನರನ್ನು ಮತ್ತೆ ಮಣೆಯ ಮೇಲೆ ನೀಟಾಗಿ ಮಲಗಿಸಿ ಹೋಗಿದ್ದ. ದೇವರಿಗಿಟ್ಟ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಸೆಟ್ಟಿದ್ದ ತೂತಿಗೆ ತುರುಕಿದ್ದ. ಸೀಟಿನ ಮೇಲೆ ಜಗಿದು ಉಗಿದ ಕಡ್ಲೆಪುರಿ. ಥೂ! ಕದಿಯುವವನು ಕದ್ದು ಹೋಗಲಿ, ಈ ಎಂಜಲು ಯಾಕೆ? ಆ ಸಿಪ್ಪೆಯನ್ನು ಎಳೆದು ತೆಗೆಯುವಾಗ ನನಗೆ ಓಕರಿಕೆ ಬಂತು.

ನೋಡಲು ಬಂದ ಅಕ್ಕಪಕ್ಕದವರ ಸಮಾಧಾನ ಇನ್ನೂ ಅಸಹ್ಯ. “ಬುಡು ಗುರು, ದೃಷ್ಟಿ ಹೋಯ್ತು ಅನ್ಕೋ,” ಎಂದು ನಾವು ಕೊಟ್ಟ ಪುರಿಯನ್ನೇ ಜಗಿಯುತ್ತಾ ಹೇಳಿದರು.

ಅಪ್ಪ ಸಂಜೆ ಹೊತ್ತು ಜಗಲಿಯ ಮೇಲೆ ಸುಮ್ಮನೆ ಕೂರತೊಡಗಿದರು. ಕೂಗಿದರೂ ತಿರುಗುತ್ತಿರಲಿಲ್ಲ. ಕೇಳಿಸದೆಯೋ, ಬೇಡವಾಗಿಯೋ ತಿಳಿಯದು. ನಾನು ಹೊಸ ಸೆಟ್ಟಿಗೆ ಅಂಗಡಿಯಲ್ಲಿ ಹೇಳಿ ಬರುವಷ್ಟರಲ್ಲಿ ನನ್ನ ಭಾವಮೈದ ಎಲ್ಲಿಂದಲೋ ಹಳೆಯದೊಂದನ್ನು ತಂದು ಕೂರಿಸಿಯೇಬಿಟ್ಟಿದ್ದ.

“ಇದಕ್ಕೆ ಬಿಲ್ಲೆಲ್ಲಿ?” ಎಂದೆ.

“ಅದೆಲ್ಲ ಕೇಳ್ಬಾರ್ದು ಭಾವ. ಗುಜರಿ ಅಂಗಡೀಲಿ ಇಂಥವು ರಾಶಿ ಬಿದ್ದವೆ,” ಎಂದು ಹಲ್ಲು ಕಿರಿದ.

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಸೆಟ್ಟಿನ ಅಂಚೆಲ್ಲ ಮೀಟಿ ಎಬ್ಬಿಸಿದ ಗೀರು. ಇದೂ ಯಾರದೋ ಕಾರಿನಿಂದ ಕಿತ್ತದ್ದೇ. ತೆಗೆದು ಬಿಸಾಡು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಕಾಯುತ್ತಿದ್ದರು.

ಸ್ವಿಚ್ಚು ಒತ್ತಿದೆ. ಸೆಟ್ಟಿನ ಹಿಂದಿನ ಯಜಮಾನರ ಮನೆಯವರು ಬ್ಲೂಟೂತಿನಲ್ಲಿ ಜೋಡಿಸಿದ್ದ ಫೋನೊಂದರ ಹೆಸರು ಅದರಲ್ಲಿ ಇನ್ನೂ ಉಳಿದಿತ್ತು. ‘ಅಮ್ಮ’ ಎಂದು ತೋರಿಸುತ್ತಾ ಸೆಟ್ಟು ಆ ಫೋನನ್ನೇ ಹುಡುಕತೊಡಗಿತು. ಅದನ್ನು ಅಳಿಸದೆ ನನ್ನ ಫೋನಿನ ಪದ್ಯ ಬರುವಂತಿರಲಿಲ್ಲ. ಅಳಿಸಿದೆ.

ಹಾರ್ಮೋನಿಯಂ ಶುರುವಾಗಿದ್ದೇ ತಡ, ಅಪ್ಪನ ಮುಖ ಅರಳಿತು.

“ಹಳೇದ್ಕಿಂತ ಇದೇ ಚೆನ್ನಾಗೈತೆ ಕಣೋ!” ಎಂದು ಕೂಗಿದರು. “ಕದ್ದೋನು ಚೆನ್ನಾಗಿರ್ಲಿ!”